ಹೊರಸಾಲಿನ ಎಲೆಬುಡಗಳು

ಸೊಸೆ ಕಲ್ಲು ಕೊಯ್ಯುವವಳು, ಅತ್ತೆ ಗಿಡ ಕೊಯ್ದವರು. ಹನ್ನೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಓಡಾಡಿದ ಇಬ್ಬರಿಗೂ, ತಾವು ಕೊಯ್ದದ್ದು ಒಂದೇ ವಂಶದ ಗಿಡವನ್ನು ಎಂಬುದು ಗೊತ್ತಾದದ್ದು ಒಂದು ಮಂಗಳವಾರ ಮಧ್ಯಾಹ್ನ. ಅದೂ ಅತ್ತೆಯ ಕಣ್ಣಿನ ಆಪರೇಷನ್ನಿನ ದೆಸೆಯಿಂದ.

ಸೊಸೆಯ ಕೆಲಸ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲದ ಉದ್ದನೆಯ ಕೋಣೆ. ಒಂದು ಮೂಲೆಯಲ್ಲಿ ಅಂಚಿಗೆ ವಜ್ರದ ಪುಡಿ ಕೂರಿಸಿದ ಗರಗಸ, ಅದರ ಮೇಲೆ ಸದಾ ಸುರಿಯುವ ನೀರಿನ ಕೊಳವೆ, ಗೋಡೆಯುದ್ದಕ್ಕೂ ಕಲ್ಲುಬೆಂಚು, ಬೆಂಚಿನ ಮೇಲೆ ದಪ್ಪ ಗಾಜಿನ ಹಲಗೆಗಳು. ಪಕ್ಕದಲ್ಲಿ ಉಜ್ಜುವ ಪುಡಿಯ ಡಬ್ಬಿಗಳ ಸಾಲು. ಮೊದಲ ಡಬ್ಬಿಯ ಪುಡಿ ರವೆಯಷ್ಟು ದಪ್ಪ, ಕೊನೆಯ ಡಬ್ಬಿಯದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಮೇಲಿನ ಮಹಡಿಯ ವಿಜ್ಞಾನಿಗಳು ಕಲ್ಲಾಗಿ ಹೋದ ಮರ, ಕಲ್ಲಾಗಿ ಹೋದ ಮೂಳೆ ತಂದು ಇಟ್ಟು ಹೋಗುತ್ತಿದ್ದರು. ಅವಳು ಅದರಿಂದ ಒಂದು ಬಿಲ್ಲೆ ಕೊಯ್ದು, ಒಂದು ಮುಖವನ್ನು ನಯಮಾಡಿ, ಗಾಜಿಗೆ ಅಂಟಿಸಿ, ಇನ್ನೊಂದು ಮುಖವನ್ನು ಉಜ್ಜಿ ಉಜ್ಜಿ ಕೂದಲಿಗಿಂತ ತೆಳ್ಳಗೆ ಮಾಡಬೇಕು. ಆಗ ಕಲ್ಲಿನೊಳಗೆ ಬೆಳಕು ಹಾಯುತ್ತದೆ, ಒಳಗಿರುವುದು ಕಾಣುತ್ತದೆ. ಕೊನೆಯ ನಾಲ್ಕೈದು ಸುತ್ತಿನಲ್ಲಿ ಒಂದೇ ಒಂದು ಸುತ್ತು ಹೆಚ್ಚಾದರೂ ಮುಗಿಯಿತು. ಕೋಟ್ಯಂತರ ವರ್ಷ ಉಳಿದು ಬಂದದ್ದು ಬೂದು ಬಣ್ಣದ ನೀರಾಗಿ ಮೋರಿ ಸೇರುತ್ತದೆ.

ಇಷ್ಟೆಲ್ಲ ಮಾಡಿ ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೇಳುತ್ತಿದ್ದರು: "ಏನಮ್ಮ, ಇವತ್ತು ಎಷ್ಟು ಕಲ್ಲು ಅರೆದೆ?"

ಅತ್ತೆಯ ಮಾತಿನಲ್ಲಿ ವಿಷವಿರಲಿಲ್ಲ, ಆದರೆ ಉಪ್ಪು ಖಾರ ತುಸು ಮುಂದಾಗಿರುತ್ತಿತ್ತು. ಸೊಸೆಯೂ ಬಿಡುತ್ತಿರಲಿಲ್ಲ. "ನೀವು ಕುಂಡ ತುಂಬಿದಷ್ಟು ಆಗಲಿಲ್ಲ ಬಿಡಿ ಅತ್ತೆ" ಎಂದು ಚಪ್ಪಲಿ ಬಿಡುತ್ತಿದ್ದಳು. ಇವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಈ ಇಬ್ಬರ ನಡುವೆ ಬಾಯಿ ಹಾಕಬಾರದು ಎಂಬ ಜ್ಞಾನೋದಯ ಅವನಿಗೆ ಮದುವೆಯಾದ ಮೊದಲ ವಾರವೇ ಆಗಿತ್ತು.

ಅತ್ತೆ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಆರ್ಕಿಡ್ ಗಿಡಗಳ ಕುಂಡ ತುಂಬುವುದು ಅವರ ಕೆಲಸ ಎಂದಷ್ಟೇ ಸೊಸೆಗೆ ಗೊತ್ತಿತ್ತು. ಯಾವುದರಿಂದ ತುಂಬುತ್ತಿದ್ದರು ಎಂದು ಅವಳು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಆ ವರ್ಷ ಅವಳ ಬೆಂಚಿಗೆ ಬಂದ ಕಲ್ಲು ಎರಡು ಮುಷ್ಟಿಯ ಗಾತ್ರದ್ದು, ಕಂದು ಬಣ್ಣದ್ದು. ಒಂದು ಹೊಳೆಯ ದಂಡೆಯಲ್ಲಿ ಸಿಕ್ಕಿತ್ತು. ಅದನ್ನು ತಂದವರು ಪ್ರೊಫೆಸರು. ಕೊರಳಲ್ಲಿ ಸದಾ ಒಂದು ಪುಟ್ಟ ಮಸೂರ ನೇತಾಡುತ್ತಿದ್ದುದರಿಂದ ಇಡೀ ಸಂಗ್ರಹಾಲಯದಲ್ಲಿ ಅವರಿಗೆ 'ಭೂತಗನ್ನಡಿ' ಎಂದೇ ಹೆಸರು. ಕಲ್ಲಾದ ಮರಗಳನ್ನು ಓದುವುದರಲ್ಲಿ ಅವರದು ಎತ್ತಿದ ಕೈ. ಆದರೆ ಇದು ಮರವಲ್ಲ, ಜರೀಗಿಡದ, ಅಂದರೆ ಫರ್ನಿನ, ಕಾಂಡ.

"ರಾಜ ಜರೀಗಿಡ ಅಂತ ಇದೆಯಲ್ಲಮ್ಮ, ಆ ಮನೆತನದ್ದು" ಎಂದಿದ್ದರು ಭೂತಗನ್ನಡಿ. "ಹದಿನೆಂಟು ಕೋಟಿ ವರ್ಷದ ಹಿಂದೆ ಯಾವುದೋ ಬೆಟ್ಟ ಸಿಡಿದು ಬೂದಿಕೆಸರು ಹರಿದಿದೆ. ಅದರಲ್ಲಿ ಇದು ನಿಂತ ಹಾಗೇ ಹೂತುಹೋಗಿದೆ. ಕೊಳೆಯೋಕೆ ಮುಂಚೆ ಬಿಸಿನೀರಿನ ಸುಣ್ಣ ಒಳಗಿಳಿದು ಒಂದೊಂದು ಜೀವಕೋಶಾನೂ ತುಂಬಿಬಿಟ್ಟಿದೆ. ಹುಷಾರಾಗಿ ಕೊಯ್ಯಿ."

ಅವಳು ಹುಷಾರಾಗಿಯೇ ಕೊಯ್ದಳು. ಮೂರು ಸ್ಲೈಡು. ಮೊದಲನೆಯದನ್ನು ಬೆಳಕಿಗೆ ಹಿಡಿದಳು. ನಡುವೆ ಹೆಬ್ಬೆರಳಷ್ಟೇ ದಪ್ಪದ ಕಾಂಡ. ಅದರ ಸುತ್ತ ಸುರುಳಿ ಸುರುಳಿಯಾಗಿ ಒತ್ತಿಕೊಂಡು ಕೂತ ಎಲೆಬುಡಗಳು. ದೊಡ್ಡ ಕಾಂಡದ ಹಾಗೆ ಕಾಣುವುದೆಲ್ಲ ನಿಜವಾಗಿ ಉದುರಿಹೋದ ಎಲೆಗಳ ಬುಡವೇ. ಪ್ರತಿ ಎಲೆಬುಡವೂ ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಅಗಲ. ನಡುವೆ ಒಂದು ಕಪ್ಪು ಬಳೆ, ಬಳೆಯೊಳಗೆ ಕುದುರೆ ಲಾಳದಂತೆ ಬಾಗಿದ ನೀರಿನ ನಾಳ. ಯಾರೋ ನಿನ್ನೆ ಸಂಜೆ ಕುಡುಗೋಲಿನಿಂದ ಕತ್ತರಿಸಿಟ್ಟ ಹಾಗಿತ್ತು.

ಭೂತಗನ್ನಡಿ ಇನ್ನೊಂದು ವಿಷಯಕ್ಕೆ ಹಿಗ್ಗಿದರು. ಈಗ ಬದುಕಿರುವ ರಾಜ ಜರೀಗಿಡಗಳಲ್ಲಿ ಆ ಕಪ್ಪು ಬಳೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ; ಅಲ್ಲಲ್ಲಿ ದಪ್ಪನಾರಿನ ಗಟ್ಟಿ ಕಪ್ಪು ಕಟ್ಟಿರುತ್ತದೆ, ಅದು ಎಲ್ಲಿದೆ ಎನ್ನುವುದರ ಮೇಲೆ ಯಾವ ಕವಲು ಎಂದು ಗುರುತಿಸುತ್ತಾರೆ. ಈ ಕಲ್ಲಿನ ಬಳೆ ಮಾತ್ರ ಸುತ್ತಲೂ ಒಂದೇ ಸಮ, ತೆಳ್ಳಗೆ, ಖಾಲಿ. ಹಾಗಾದರೆ ಇದು ಈಗಿನ ಯಾವ ಕವಲಿಗೂ ಸೇರದ, ಪೂರ್ತಿ ಅಳಿದುಹೋದ ಹೊಸ ಜಾತಿ! ಅವರು ಲೇಖನ ಬರೆಯತೊಡಗಿದರು. ಸ್ಲೈಡಿನ ಚಿತ್ರವನ್ನು ಬಾಗಿಲಗಲ ಹಿಗ್ಗಿಸಿ ಅಚ್ಚುಹಾಕಿಸಿ, ನೆಲಮಾಳಿಗೆಯ ಗೋಡೆಗೇ ಅಂಟಿಸಿದರು. "ನಿನ್ನ ಕೈಕೆಲಸ, ನಿನ್ನ ಕಣ್ಮುಂದೆ ಇರಲಿ" ಎಂದರು.

ಆ ಮಂಗಳವಾರ ಕಣ್ಣಿನ ಆಸ್ಪತ್ರೆಯಲ್ಲಿ ಅತ್ತೆಯ ಪಟ್ಟಿ ಬಿಚ್ಚಿದರು. ಪೊರೆ ತೆಗೆದ ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡು ಅತ್ತೆ ಬೀದಿಯಲ್ಲಿ ನಿಂತು ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಎದುರು ಮನೆಯ ಟೆರೇಸಿನ ಮೇಲೆ ಒಣಗಿದ ಬಟ್ಟೆಯ ಗುಂಡಿ ಎಲ್ಲ ಎಣಿಸುತ್ತ ಬಂದರು. ಸೊಸೆ ಅಂದು ರಜೆ ಹಾಕಿದ್ದಳು. ಆದರೂ ಅಂಟಿಸಿಟ್ಟ ಒಂದು ಸ್ಲೈಡನ್ನು ಅಂದೇ ನೋಡಬೇಕಿತ್ತು.

"ಅತ್ತೆ, ಹತ್ತು ನಿಮಿಷ ನನ್ನ ಕೆಲಸದ ಜಾಗದಲ್ಲಿ ಕೂತ್ಕೊಳ್ತೀರಾ? ಆಮೇಲೆ ಒಟ್ಟಿಗೆ ಮನೆಗೆ ಹೋಗೋಣ."

"ನಡಿ, ನಿನ್ನ ಕಲ್ಲಿನ ಗಿರಣಿನೂ ನೋಡಿದ ಹಾಗಾಗುತ್ತೆ."

ಕೋಣೆಯೊಳಗೆ ಬಂದವರೇ ಅತ್ತೆ ಕೂರಲಿಲ್ಲ. ಗೋಡೆಯ ಚಿತ್ರದ ಮುಂದೆ ನಿಂತರು. ಕಪ್ಪು ಕನ್ನಡಕ ಹಣೆಗೇರಿತು. ಸೊಸೆ ಕೈ ತೊಳೆಯುತ್ತಿದ್ದವಳು ಹಿಂದಿನಿಂದ ಬಂದ ದನಿಗೆ ತಿರುಗಿದಳು.

"ಇದನ್ನ ಯಾರು ಕೊಯ್ದಿದ್ದು?"

"ನಾನೇ ಅತ್ತೆ. ಯಾಕೆ?"

"ಕೊಯ್ದಿರೋದು ಚೆನ್ನಾಗಿದೆ. ಆದರೆ ಇಷ್ಟು ಕೆಳಗೆ ಕೊಯ್ದರೆ ನಾರು ಬರಲ್ಲ ಕಣೆ."

"ಇದು ಕಲ್ಲು ಅತ್ತೆ!"

"ಯಾರು ಹೇಳಿದ್ದು?" ಅತ್ತೆ ಚಿತ್ರದ ಮೇಲೆ ಬೆರಳಿಟ್ಟರು. "ಇದು ಜರೀಬುಡ. ಮೂವತ್ತೊಂದು ವರ್ಷ ಇದನ್ನೇ ಕೊಯ್ದಿದ್ದೀನಿ, ನನಗೆ ಗೊತ್ತಿಲ್ವಾ?"

ಆಗ ಹೊರಬಂತು ಕಥೆ. ಆರ್ಕಿಡ್ಡಿನ ಬೇರು ಮಣ್ಣಿನಲ್ಲಿ ಬದುಕುವುದಿಲ್ಲ, ಅದಕ್ಕೆ ಗಾಳಿಯಾಡಬೇಕು. ಹಿಂದೆ ಅದಕ್ಕೆ ರಾಜ ಜರೀಗಿಡದ ಬುಡಕ್ಕೆ ಹೆಣೆದುಕೊಂಡ ಕಪ್ಪು ಬೇರಿನ ನಾರೇ ಆಗಬೇಕಿತ್ತು. ಮೂಟೆ ಮೂಟೆ ಬುಡಗಳು ಬರುತ್ತಿದ್ದವು. ಅತ್ತೆ ಮಣೆಯ ಮೇಲೆ ಇಟ್ಟು ಗರಗಸದಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ನಾರು ಬಿಡಿಸಿ, ಕುಂಡಕ್ಕೆ ಒತ್ತುತ್ತಿದ್ದರು. ದಿನಕ್ಕೆ ಮೂವತ್ತು ನಲವತ್ತು ಬುಡ. ಆಮೇಲೆ ಮರದ ತೊಗಟೆಯ ಚೂರು ಬಂತು, ನಾರು ನಿಂತಿತು. ಅಷ್ಟರೊಳಗೆ ಈ ಕಣ್ಣುಗಳು ಎಷ್ಟು ಸಾವಿರ ಎಲೆಬುಡದ ಕೊಯ್ತ ನೋಡಿದ್ದವೋ ಯಾರು ಬಲ್ಲರು.

ಸೊಸೆ ಒದ್ದೆ ಕೈಯಲ್ಲೇ ಮೇಲಿನ ಮಹಡಿಗೆ ಓಡಿದಳು. ಭೂತಗನ್ನಡಿ ಸೌಜನ್ಯದ ಮನುಷ್ಯ. ಬಂದು, ಅತ್ತೆಗೆ ಕುರ್ಚಿ ಎಳೆದುಕೊಟ್ಟು, ಕೈಕಟ್ಟಿ ನಿಂತರು. ಮುಖದಲ್ಲಿ ಮಾತ್ರ ಹಿರಿಯರನ್ನು ನೋಯಿಸಬಾರದು ಎಂಬ ನಗೆಯಿತ್ತು.

"ಅಮ್ಮ, ಇದರಲ್ಲಿ ಬಳೆ ಖಾಲಿ ಇದೆ ನೋಡಿ. ಈಗಿನ ಗಿಡದಲ್ಲಿ ಹಾಗಿರೋಲ್ಲ. ಅದಕ್ಕೇ ಇದು ಬೇರೆ ಜಾತಿ ಅಂತ ಬರೆದಿದ್ದೀನಿ."

"ಬುಡದಲ್ಲಿ ಎಲ್ಲದರದ್ದೂ ಖಾಲೀನೇ ಸಾರ್. ಎಲೆ ಕಾಂಡದಿಂದ ಆಗ ತಾನೇ ಹೊರಟಿರುತ್ತೆ, ಕಪ್ಪು ಎಲ್ಲಿಂದ ಬರಬೇಕು? ಒಂದು ಬೆರಳು ಮೇಲೆ ಹೋಗಬೇಕು, ಆಗ ಕಟ್ಟುತ್ತೆ."

"ಅದು ಸರಿ. ಆದರೆ ಒಳಸಾಲಿನಲ್ಲಿ ಸಿಗೋದು ಎಲೆಯ ಕೆಳಭಾಗ, ಹೊರಸಾಲಿನಲ್ಲಿ ಅದಕ್ಕಿಂತ ಮೇಲಿನ ಭಾಗ ಅಲ್ವಾ? ಎಲೆ ಓರೆಯಾಗಿ ಏರೋದರಿಂದ ಒಂದೇ ಕೊಯ್ತದಲ್ಲಿ ಎರಡೂ ಸಿಗುತ್ತೆ. ನಮ್ಮ ಹೊರಸಾಲಿನಲ್ಲೂ ಖಾಲಿ ಇದೆಯಲ್ಲ."

"ಹೊರಸಾಲು ಎಲ್ಲಿದೆ ಇದರಲ್ಲಿ?" ಎಂದರು ಅತ್ತೆ.

ಭೂತಗನ್ನಡಿಯ ನಗೆ ನಿಂತಿತು.

ಅತ್ತೆ ಎದ್ದು ಚಿತ್ರದ ಅಂಚಿಗೆ ಹೋದರು. "ಈ ರೆಕ್ಕೆ ನೋಡಿ, ಎಷ್ಟು ಅಗಲ ಇದೆ. ಮೇಲೆ ಹೋದ ಹಾಗೆ ರೆಕ್ಕೆ ಸಣ್ಣಗಾಗುತ್ತಾ ಬರಬೇಕು. ಬೇರಿನ ಹೆಣಿಗೆ ದಟ್ಟ ಆಗಬೇಕು. ಇಲ್ಲಿ ಎರಡೂ ಆಗಿಲ್ಲ. ನಿಮ್ಮ ಬುಡದ ಸಿಪ್ಪೆ ಯಾರೋ ಸುಲಿದುಬಿಟ್ಟಿದ್ದಾರೆ ಸಾರ್."

ಹೊಳೆ! ಹೊಳೆಯ ನೀರಿನಲ್ಲಿ ಉರುಳಿ ಉರುಳಿ ಕಲ್ಲಿನ ಹೊರಮೈ ಸವೆದುಹೋಗಿತ್ತು. ಸವೆದ ಅಂಚನ್ನೇ ಅವರು ಗಿಡದ ಅಂಚು ಎಂದುಕೊಂಡಿದ್ದರು. ಭೂತಗನ್ನಡಿ ಕೊರಳಿನ ಮಸೂರ ಎತ್ತಿ ಚಿತ್ರದ ಮೇಲೆ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಆಮೇಲೆ ತಾವೇ ಆ ಕುರ್ಚಿಯಲ್ಲಿ ಕೂತರು.

"ನಾನು ಮರ ಓದಿದವನು" ಎಂದರು ಮೆಲ್ಲಗೆ. "ಇದು ನನಗೆ ಹೊಳೀಲೇ ಇಲ್ಲ. ಈಗ ಹೊರಸಾಲು ತರೋದಾದರೂ ಎಲ್ಲಿಂದ?"

ಸೊಸೆ ಬೆಂಚಿನ ಕೆಳಗಿನ ಸೆಳೆಖಾನೆ ಎಳೆದಳು. ಕೊಯ್ದು ಉಳಿದ ಚೂರನ್ನು ಎಸೆಯುವ ಅಭ್ಯಾಸ ಅವಳಿಗಿರಲಿಲ್ಲ. ಒಂದೊಂದು ಕಲ್ಲಿನ ಚೂರಿಗೂ ಒಂದೊಂದು ಬೆಂಕಿಪೊಟ್ಟಣ, ಮೇಲೆ ನಂಬರು. ಬೇಕಾದ ಪೊಟ್ಟಣದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಚೂರಿತ್ತು. ಕಲ್ಲಿನ ಒಂದು ಮಗ್ಗುಲಿನ ಗುಂಡಿಯೊಳಗೆ ಅವಿತಿದ್ದ, ಹೊಳೆಯ ಉಜ್ಜಾಟಕ್ಕೆ ಸಿಗದ ಭಾಗ; ಒಂದು ಬದಿಗೆ ಬೂದಿಕೆಸರಿನ ಬಿಳಿ ಪೊರೆ ಇನ್ನೂ ಅಂಟಿಕೊಂಡಿತ್ತು. ಸ್ಲೈಡಿಗೆ ಅಡ್ಡಬರುತ್ತದೆಂದು ಅವಳೇ ಮೊದಲ ದಿನ ಕೊಯ್ದು ತೆಗೆದದ್ದು.

ಅತ್ತೆ ಅದನ್ನು ಅಂಗೈಮೇಲೆ ಇಟ್ಟುಕೊಂಡು, ನೀರು ಹಚ್ಚಿ, ಹೊಸ ಕಣ್ಣಿನ ಹತ್ತಿರ ತಂದರು. ಒಂದು ಕಡೆಯಿಂದ ಕೂದಲೆಳೆಯಂಥ ಬಿರುಕು ಓಡಿತ್ತು. ಒಂದೇ ಕೊಯ್ತಕ್ಕೆ ಸಾಲುವಷ್ಟು ಕಲ್ಲು.

"ಇಲ್ಲಿ ಅಡ್ಡ" ಎಂದು ಉಗುರಿನಲ್ಲಿ ಗೀರಿದರು. "ಇದಕ್ಕಿಂತ ಮೇಲೂ ಬೇಡ, ಕೆಳಗೂ ಬೇಡ."

ಮರುದಿನ ಮೂವರೂ ಮೊದಲು ಹೋದದ್ದು ಸಸ್ಯೋದ್ಯಾನಕ್ಕೆ. ಅತ್ತೆ ಕೆಲಸ ಬಿಟ್ಟು ಒಂಬತ್ತು ವರ್ಷವಾಗಿದ್ದರೂ ಗಾಜಿನ ಮನೆಯ ಮಾಲಿ ಅವರನ್ನು ಕಂಡು ಪೈಪು ಅಲ್ಲೇ ಬಿಟ್ಟು ಓಡಿಬಂದ. ಆಳೆತ್ತರದ ಎರಡು ಗಿಡಗಳ ನಡುವೆ ನಿಲ್ಲಿಸಿ ಅತ್ತೆ ಪರಿಚಯ ಮಾಡಿಸಿದರು. "ಇವನು ರಾಜ. ಬೀಜಾಣು ಎಲೆಯ ತುದಿಯಲ್ಲಿ, ಕಿರೀಟದ ಹಾಗೆ. ಇವಳು ನಡುಮುರುಕಿ, ಬೀಜಾಣು ಎಲೆಯ ನಡುವೆ ಬಿಟ್ಟು, ಅವು ಉದುರಿದ ಮೇಲೆ ನಡುವೆ ಹಲ್ಲು ಬಿದ್ದ ಬಾಯಿ." ಹೊರಗೆ ಒಣಗಿ ನಿಂತ ಎರಡು ಎಲೆಬುಡಗಳನ್ನು ಮಾತ್ರ, ಗಿಡಕ್ಕೆ ಗೊತ್ತಾಗದಷ್ಟು ಸಲೀಸಾಗಿ, ಗರಗಸದಲ್ಲಿ ತೆಗೆದು ತೋರಿಸಿದರು. ರಾಜನ ಬಳೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಕಪ್ಪು ಗಂಟು. ನಡುಮುರುಕಿಯ ಬಳೆಯಲ್ಲಿ ಬೆನ್ನ ಕಡೆ ಒಂದೇ ದಪ್ಪ ಕಪ್ಪು ಕಮಾನು. ಬರಿಗಣ್ಣಿಗೇ ಕಾಣುತ್ತಿತ್ತು.

"ನಿಮ್ಮ ಕಲ್ಲು ಯಾರು ಅಂತ ನೋಡಿ ಹೇಳ್ತೀನಿ" ಎಂದರು ಅತ್ತೆ.

ಚೂರಿನ ಬಿರುಕಿಗೆ ಅಂಟು ಕುಡಿಸಿ ಎರಡು ದಿನ ಒಣಗಿಸಿದ್ದಾಯಿತು. ಶನಿವಾರ ಬೆಳಿಗ್ಗೆ ಸೊಸೆ ಗರಗಸ ಚಾಲೂ ಮಾಡಿದಾಗ ಅತ್ತೆ ಮೂರು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಭೂತಗನ್ನಡಿ ಕೂರಲಾರದೆ ನಿಲ್ಲಲಾರದೆ ಬಾಗಿಲಿನ ಹೊರಗೆ ಶತಪಥ ಹಾಕುತ್ತಿದ್ದರು.

ಕೊಯ್ತ ಗೀರಿನ ಮೇಲೇ ಹೋಯಿತು. ಒಂದು ಮುಖ ನಯವಾಯಿತು, ಗಾಜಿಗೆ ಅಂಟಿತು. ಆಮೇಲೆ ಉಜ್ಜುವುದು. ಗಾಜಿನ ಹಲಗೆಯ ಮೇಲೆ ಚಿಟಿಕೆ ಪುಡಿ, ನಾಲ್ಕು ಹನಿ ನೀರು, ಎರಡು ಬೆರಳಿನ ಹಿಡಿತ. ಎಂಟರ ಆಕಾರದಲ್ಲಿ ಸುತ್ತು, ಸುತ್ತು, ತೊಳೆ, ನೋಡು. ಮತ್ತೆ ಪುಡಿ ಬದಲಿಸು. ಮೊದಲು ಸದ್ದು ಕರಕರ ಎನ್ನುತ್ತಿತ್ತು, ಬರಬರುತ್ತ ರೇಷ್ಮೆ ಸವರಿದಂತಾಯಿತು. ಕಲ್ಲು ಕಂದಿನಿಂದ ಜೇನಿನ ಬಣ್ಣಕ್ಕೆ, ಜೇನಿನಿಂದ ಒಣ ಎಲೆಯ ಬಣ್ಣಕ್ಕೆ ತಿರುಗಿತು. ಬಿರುಕಿನ ಬಳಿ ಒಂದು ಮೂಲೆ ಅಲುಗಿದಂತೆ ಕಂಡಿತು. ಕೈಯ ಭಾರವನ್ನು ಆ ಮೂಲೆಯಿಂದ ಎತ್ತಿ, ಉಳಿದ ಮೂರು ಮೂಲೆಗೆ ಹಂಚಿದಳು. ಹಾಗೆ ಹಂಚುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಬೆರಳ ತುದಿಯೇ ಹದಿನಾಲ್ಕು ವರ್ಷದಲ್ಲಿ ಕಲಿತಿತ್ತು. ಇನ್ನು ಮೂರು ಸುತ್ತು. ಎರಡು. ಒಂದು. ನಿಲ್ಲಿಸಿದಳು.

ತೊಳೆದು, ಒರೆಸಿ, ತಲೆ ಎತ್ತಿದರೆ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಯಾವಾಗ ಎದ್ದು ಬಂದರೋ.

"ಇಷ್ಟು ವರ್ಷ ಅರೆಯೋದು ಅಂತಿದ್ನಲ್ಲ" ಎಂದರು. ಸ್ಲೈಡಿನ ಮೇಲೆ ಬಗ್ಗಿ, "ನನ್ನ ಕೈಲಿ ಆಗ್ತಿರಲಿಲ್ಲ ಇದು. ಸತ್ಯವಾಗ್ಲೂ ಆಗ್ತಿರಲಿಲ್ಲ" ಎಂದರು.

ಸೊಸೆ ಸ್ಲೈಡನ್ನು ಅತ್ತೆಯ ಕೈಗೇ ಕೊಟ್ಟಳು. "ನೀವೇ ಮೊದಲು ನೋಡಿ."

ಭೂತಗನ್ನಡಿ ಸೂಕ್ಷ್ಮದರ್ಶಕ ಸರಿಮಾಡಿಕೊಟ್ಟು ದೂರ ಸರಿದರು. ಅತ್ತೆ ಕಣ್ಣಿಟ್ಟರು. ಸಣ್ಣ ರೆಕ್ಕೆಯ ಎಲೆಬುಡಗಳು, ಅವುಗಳ ಸಂದಿಯಲ್ಲಿ ನುಗ್ಗಿದ ಬೇರುಗಳ ದಟ್ಟ ಹೆಣಿಗೆ, ಪ್ರತಿ ಬೇರಿನೊಳಗೂ ಒಂದು ಕಾಳಿನಷ್ಟು ನಾಳ. ಮತ್ತು ಒಂದು, ಎರಡು, ಮೂರು ಬಳೆ.

"ನಡುಮುರುಕಿ" ಎಂದರು ಅತ್ತೆ, ಕಣ್ಣು ಕೀಳದೆ. "ಬೆನ್ನ ಮೇಲೆ ಕಮಾನು. ಮೂರಕ್ಕೆ ಮೂರರಲ್ಲೂ ಇದೆ."

ಭೂತಗನ್ನಡಿ ಹತ್ತಿರ ಬಂದು ನೋಡಿದರು. ಬಹಳ ಹೊತ್ತು ನೋಡಿದರು. ಹೊಸ ಜಾತಿಯ ಆಸೆ ಕೈತಪ್ಪಿದ ಮನುಷ್ಯ ಹೀಗೆ ಮುಖ ಅರಳಿಸುತ್ತಾನೆ ಎಂದು ಸೊಸೆ ನಿರೀಕ್ಷಿಸಿರಲಿಲ್ಲ.

"ಇದರ ಅರ್ಥ ಏನು ಗೊತ್ತಾ?" ಎಂದರು ಅವರು. "ಹದಿನೆಂಟು ಕೋಟಿ ವರ್ಷದ ಹಿಂದೇನೇ ಈ ಅಣ್ಣತಂಗಿಯರು ಮನೆ ಪಾಲು ಮಾಡಿಕೊಂಡು ಬೇರೆ ಆಗಿಬಿಟ್ಟಿದ್ದರು! ನಡುಮುರುಕಿಯ ಕವಲು ಆಗಲೇ ತನ್ನ ಒಲೆ ಹೂಡಿತ್ತು. ಅವತ್ತಿಂದ ಭೂಮಿ ತುಂಡು ತುಂಡಾಯ್ತು, ಸಮುದ್ರ ಬಂತು ಹೋಯ್ತು, ದೈತ್ಯಪ್ರಾಣಿಗಳೆಲ್ಲ ಅಳಿದು ಮಣ್ಣಾದವು. ಇವಳು ಮಾತ್ರ ಬೆನ್ನ ಮೇಲಿನ ಕಮಾನನ್ನ ಅಳಿಸಿಕೊಳ್ಳಲಿಲ್ಲ. ಮೊನ್ನೆ ನೀವು ಕೊಯ್ದ ಎಲೆಬುಡಕ್ಕೂ ಇದಕ್ಕೂ ನಾನು ವ್ಯತ್ಯಾಸ ಹುಡುಕೋಕೇ ಕಷ್ಟಪಡಬೇಕು."

"ಹಾಗಾದರೆ ಬದಲಾಗೇ ಇಲ್ವಾ ಸಾರ್ ಗಿಡ?" ಸೊಸೆ ಕೇಳಿದಳು.

"ಆಗಿರುತ್ತೆ. ನಮ್ಮ ಕಣ್ಣಿಗೆ ಬೀಳದ ಕಡೆ ಎಷ್ಟೋ ಆಗಿರುತ್ತೆ. ಆದರೆ ಎಲೆ ಎತ್ತಿ ನಿಲ್ಲಿಸೋ ಈ ಉಪಾಯ ಒಮ್ಮೆ ಕೈಹತ್ತಿದ ಮೇಲೆ ಕೈಬಿಟ್ಟಿಲ್ಲ."

ಲೇಖನವನ್ನು ಅವರು ಮೊದಲಿನಿಂದ ಬರೆದರು. ಶೀರ್ಷಿಕೆಯ ಕೆಳಗೆ ಮೂರು ಹೆಸರು ಹಾಕಿ ಕಳಿಸಿದರು. ಮೂರನೆಯ ಲೇಖಕರು ಯಾವ ಸಂಸ್ಥೆಯವರು ಎಂದು ಪತ್ರಿಕೆಯವರು ಕೇಳಿ ಬರೆದಾಗ, 'ಗಾಜಿನ ಮನೆ, ನಿವೃತ್ತ' ಎಂದು ಉತ್ತರಿಸಿದರಂತೆ. ಮಗ ಅದನ್ನು ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿ, ತಾಯಿಯಿಂದ ಬೈಸಿಕೊಂಡ.

ಅಲ್ಲಿಂದ ಮುಂದೆ ಪ್ರತಿ ಬುಧವಾರ ಅತ್ತೆ ಸೊಸೆಯ ಜೊತೆ ಬಸ್ಸು ಹತ್ತತೊಡಗಿದರು. ಸಂಗ್ರಹಾಲಯದ ಬೀರುವಿನಲ್ಲಿ ಯಾರ ಕಾಲದಲ್ಲೋ ಕೊಯ್ದು, ಚೀಟಿ ಉದುರಿಹೋಗಿ, ಇಂಥದೆಂದು ಗೊತ್ತಿಲ್ಲದೆ ಬಿದ್ದಿದ್ದ ಜರೀಕಾಂಡದ ಸ್ಲೈಡುಗಳು ನೂರಕ್ಕೂ ಹೆಚ್ಚಿದ್ದವು. ಸೊಸೆ ಒಂದೊಂದನ್ನೇ ಒರೆಸಿ ಕೊಡುತ್ತಿದ್ದಳು, ಅತ್ತೆ ನೋಡಿ ಹೇಳುತ್ತಿದ್ದರು, ಭೂತಗನ್ನಡಿ ಪುಸ್ತಕ ತೆಗೆದು ತಾಳೆ ನೋಡುತ್ತಿದ್ದರು. ರಾಜ. ರಾಜ. ನಡುಮುರುಕಿ. ಇದು ಕೆಳಗೆ ಕೊಯ್ದಿದ್ದಾರೆ, ಹೇಳೋಕಾಗಲ್ಲ. ಇದು ರಾಜನ ದಾಯಾದಿ ಇರಬೇಕು, ನಾನು ಒಂದೆರಡು ಸಲ ನೋಡಿದ್ದೆ.

ಐದನೆಯ ಬುಧವಾರ ಒಂದು ಸ್ಲೈಡಿನ ಮೇಲೆ ಅತ್ತೆ ತಡೆದರು. ಕನ್ನಡಕ ತೆಗೆದರು, ಹಾಕಿಕೊಂಡರು. ಅದರ ಕಾಂಡದ ನಡುವೆ ಮೆತ್ತನೆಯ ತಿರುಳೇ ಇರಲಿಲ್ಲ, ನಡುಮಧ್ಯದವರೆಗೂ ನೀರಿನ ನಾಳವೇ ಗಟ್ಟಿಯಾಗಿ ತುಂಬಿತ್ತು.

"ಇದು ನನಗೆ ಗೊತ್ತಿಲ್ಲ" ಎಂದರು. ಆ ದನಿಯಲ್ಲಿ ಸೋತವರ ಸಪ್ಪೆಯಿರಲಿಲ್ಲ. "ಇಂಥದನ್ನ ನಾನು ಒಂದು ಸಲಾನೂ ಕೊಯ್ದಿಲ್ಲ."

ಭೂತಗನ್ನಡಿ ಬಗ್ಗಿ ನೋಡಿ ಮೆಲ್ಲಗೆ ಹೇಳಿದರು: "ಕೊಯ್ಯೋಕೆ ಸಾಧ್ಯಾನೇ ಇರಲಿಲ್ಲ ಅಮ್ಮ. ತಿರುಳಿಲ್ಲದ ಇಂಥ ಕಾಂಡ ಅಂದರೆ ಇಪ್ಪತ್ತೈದು ಕೋಟಿ ವರ್ಷದ್ದು. ಈ ಮನೆತನದ ತುಂಬ ಹಳೇ ತಲೆಮಾರು, ಇಂಥದು ಈಗ ಭೂಮಿ ಮೇಲೆ ಎಲ್ಲೂ ಬೆಳೆಯೋಲ್ಲ."

ಅತ್ತೆ ಮತ್ತೆ ಕಣ್ಣಿಟ್ಟರು. ಸೊಸೆ ಗಡಿಯಾರ ನೋಡಿದಳು. ಐದೂವರೆಯ ಬಸ್ಸಿಗೆ ಹೊತ್ತಾಗಿತ್ತು. ಕರೆಯಲು ಬಾಯಿ ತೆರೆದವಳು, ಬಾಗಿದ ಆ ಬೆನ್ನನ್ನೂ ಸ್ಲೈಡನ್ನು ಕೂದಲೆಳೆಯಷ್ಟು ಸರಿಸುತ್ತಿದ್ದ ಆ ಬೆರಳನ್ನೂ ನೋಡಿ ಹಿಂದೆ ಸರಿದಳು. ಹೊರಗೆ ಹೋಗಿ ಗಂಡನಿಗೆ ಫೋನು ಮಾಡಿದಳು.

"ಇವತ್ತು ತಡ ಆಗುತ್ತೆ, ಊಟಕ್ಕೆ ನೀವೇ ಏನಾದರೂ ನೋಡಿಕೊಳ್ಳಿ" ಎಂದಳು. "ಇಲ್ಲ, ನನಗಲ್ಲ. ಅಮ್ಮನಿಗೆ ಕೆಲಸ ಇದೆ."